ಎಎಫ್8 ಕ್ರಿಂಪರ್: ಏವಿಯಾನಿಕ್ಸ್ ಕಲಿಯುವವರ ಕೈಗೆ ಒಗ್ಗುತ್ತದೆಯೇ?

ಯುದ್ಧವಿಮಾನದ ರೇಡಾರ್, ರೇಡಿಯೊ ರಿಪೇರಿ ಕಲಿಯಲು ಬಂದವರೂ ವೈರು ಸುಲಿದು ಕಾಂಟ್ಯಾಕ್ಟ್‌ಗೆ (ಕನೆಕ್ಟರಿನೊಳಗಿನ ಪುಟ್ಟ ಲೋಹದ ಪಿನ್ ಅಥವಾ ಸಾಕೆಟ್) ಕೂರಿಸಿ, ಒತ್ತಿ ಬಿಗಿ ಮಾಡುವ ಕೆಲಸ, ಅಂದರೆ ಕ್ರಿಂಪಿಂಗ್, ಕಲಿಯದೆ ವಿಧಿಯಿಲ್ಲ. ಅದಕ್ಕೆ ಡಿಎಂಸಿ ಕಂಪನಿಯ ಎಎಫ್8 ಒಳ್ಳೆಯ ಸಾಧನ. ಮಿಲಿಟರಿ ನಂಬರು ಎಂ22520/1-01. 12ರಿಂದ 26 ಗೇಜಿನ ವೈರಿಗೆ ಆಗುತ್ತದೆ (ಗೇಜ್ ನಂಬರು ಹೆಚ್ಚಿದಷ್ಟೂ ವೈರು ಸಣ್ಣ).

ಇದರ ರ್‍ಯಾಚೆಟ್ಟೇ ಅರ್ಧ ಮೇಷ್ಟ್ರು. ಪೂರ್ತಿ ಒತ್ತುವ ತನಕ ಹಿಡಿಕೆ ಬಿಡುವುದೇ ಇಲ್ಲ, ಹಾಗಾಗಿ ಅರೆಬರೆ ಕ್ರಿಂಪ್ ಆಗುವ ಮಾತಿಲ್ಲ. ಆದರೆ ತಪ್ಪು ಸೆಟ್ಟಿಂಗನ್ನು ಅದು ತಡೆಯದು. ಕಾಂಟ್ಯಾಕ್ಟನ್ನು ಸರಿಯಾದ ಜಾಗದಲ್ಲಿ ಹಿಡಿಯಲು ಸಾಧನಕ್ಕೆ ಕೂರಿಸುವ ತಿರುಗುವ ತಲೆಯೇ ಟರೆಟ್. ಟಿಎಚ್1ಎ ಟರೆಟ್‌ನಲ್ಲಿ ಕೆಂಪು 20ನೇ ಸೈಜಿನ ಕಾಂಟ್ಯಾಕ್ಟ್‌ಗೆ, ನೀಲಿ 16ಕ್ಕೆ, ಹಳದಿ 12ಕ್ಕೆ. ಅದಾದ ಮೇಲೆ ವೈರಿಗೆ ತಕ್ಕಂತೆ ಸೆಲೆಕ್ಟರ್ (ಎಷ್ಟು ಆಳ ಒತ್ತಬೇಕೆಂದು ನಿಗದಿ ಮಾಡುವ ನಂಬರಿನ ತಿರುಗಣೆ) ತಿರುಗಿಸಬೇಕು: 20 ಗೇಜಿಗೆ 4, 22ಕ್ಕೆ 3, 24ಕ್ಕೆ 2. ಕಲಿಯುವವರು ಎಡವುವುದು ಇಲ್ಲೇ. ಬಣ್ಣ ನೋಡಿ ಟರೆಟ್ ತಿರುಗಿಸುತ್ತಾರೆ, ಸೆಲೆಕ್ಟರ್ ಮಾತ್ರ ಹಿಂದಿನವರು ಬಿಟ್ಟ ನಂಬರಿನಲ್ಲೇ ಇರುತ್ತದೆ. 24ರ ವೈರನ್ನು 4ರಲ್ಲಿ ಒತ್ತಿದರೆ ಕ್ರಿಂಪ್ ಸಡಿಲ. ನೋಡಲು ಸರಿಯಾಗಿ ಕಂಡರೂ ಎಳೆದರೆ ಕಿತ್ತು ಬರುತ್ತದೆ.

ಒತ್ತಿದ ಮೇಲೆ ಕಾಂಟ್ಯಾಕ್ಟ್‌ನ ಬದಿಯ ಸಣ್ಣ ತೂತಿನಲ್ಲಿ ತಾಮ್ರದ ಎಳೆಗಳು ಕಾಣಲೇಬೇಕು. ಕಾಣದಿದ್ದರೆ ವೈರು ಕಡಿಮೆ ಸುಲಿದಿದೆ, ಇಲ್ಲವೇ ತಳ ಮುಟ್ಟುವ ಮೊದಲೇ ಒತ್ತಲಾಗಿದೆ. ಇನ್ಸುಲೇಷನ್ನಿಗೂ ಕಾಂಟ್ಯಾಕ್ಟಿನ ಬಾಯಿಗೂ ನಡುವೆ ಕೂದಲೆಳೆಯಷ್ಟು ಅಂತರವಿದ್ದರೆ ಚಿಂತೆಯಿಲ್ಲ, ಉದ್ದಕ್ಕೆ ಬರಿ ತಾಮ್ರ ಕಂಡರೆ ಕೆಲಸ ಕೆಟ್ಟಂತೆ. ಒಂದೆರಡು ಎಳೆ ಹೊರಗೆ ಉಳಿದಿದ್ದರೂ ಕತ್ತರಿಸಿ ಎಸೆದು ಹೊಸ ಕಾಂಟ್ಯಾಕ್ಟ್ ಹಾಕಿ. ಒಮ್ಮೆ ಒತ್ತಿದ್ದರ ಮೇಲೆ ಮತ್ತೆ ಒತ್ತುವ ಚಾಳಿ ಮೊದಲ ದಿನವೇ ಬಿಡಿಸಬೇಕಾದದ್ದು.

ದೊಡ್ಡ ಕೊರತೆ ಒಂದಿದೆ. 38999 ಸರಣಿಯ ಮಿಲಿಟರಿ ಕನೆಕ್ಟರುಗಳಲ್ಲಿ ಎಲ್ಲೆಲ್ಲೂ ಸಿಗುವ 22ಡಿ ಸೈಜಿನ ಕಾಂಟ್ಯಾಕ್ಟ್‌ಗೆ ಟಿಎಚ್1ಎಯಲ್ಲಿ ಜಾಗವಿಲ್ಲ. ಅದಕ್ಕೆ ಚಿಕ್ಕದಾದ ಎಎಫ್ಎಂ8 ಕ್ರಿಂಪರ್, ಜೊತೆಗೆ ಟರೆಟ್ಟಿನಂತೆ ಕಾಂಟ್ಯಾಕ್ಟ್ ಹಿಡಿಯುವ ತಕ್ಕ ಪೊಸಿಷನರ್ (ಪಿನ್ನಿಗಾದರೆ ಕೆ42) ಬೇರೆ ಬೇಕು. ಒಂದೇ ಸಾಧನಕ್ಕೆ ದುಡ್ಡಿದ್ದರೆ, ನಿಮ್ಮ ಅಭ್ಯಾಸದ ಹಾರ್ನೆಸ್‌ನಲ್ಲಿ (ವೈರಿನ ಕಟ್ಟಿನಲ್ಲಿ) ಯಾವ ಕಾಂಟ್ಯಾಕ್ಟ್ ಹೆಚ್ಚು ಎಂದು ಮೊದಲು ಎಣಿಸಿ. ಹಿಡಿಕೆಗಳ ಅಗಲವೂ ಜಾಸ್ತಿ, ಸಣ್ಣ ಕೈಯವರಿಗೆ ಎರಡೂ ಕೈ ಬೇಕಾಗುತ್ತದೆ. ಟರೆಟ್ ಪ್ರತ್ಯೇಕವಾಗಿ ಕೊಳ್ಳಬೇಕೆಂಬುದನ್ನು ಮರೆತು ಆರ್ಡರ್ ಮಾಡುವವರೂ ಇದ್ದಾರೆ!

ನಿರ್ವಹಣೆ ಸುಲಭ. ಒತ್ತುವ ಮೊನೆಗಳಿಗೆ ಕಾಂಟ್ಯಾಕ್ಟಿನ ಬಣ್ಣ ಅಂಟುತ್ತದೆ, ಸಣ್ಣ ಬ್ರಷ್ಷಿನಿಂದ ತೆಗೆದರೆ ಸಾಕು. ಎಣ್ಣೆ ಸಿಂಪಡಿಸುವುದು, ದ್ರಾವಣದಲ್ಲಿ ಅದ್ದುವುದು, ಬಿಚ್ಚುವುದು ಬೇಡ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮೊನೆ ಸವೆದಿದೆಯೇ ಎಂದು ಅಳೆದು ನೋಡುವ ಜಿ125 ಗೇಜ್ ಜೊತೆಗಿರಲಿ. ಸೆಲೆಕ್ಟರನ್ನು 4ಕ್ಕೆ ಇಟ್ಟು, ಹಿಡಿಕೆ ಪೂರ್ತಿ ಮುಚ್ಚಿ, ಆಮೇಲೆ ಮೊನೆಗಳ ನಡುವೆ ಗೇಜ್ ತೂರಿಸಿ ನೋಡಿ: 'ಗೋ' ತುದಿ ಸಲೀಸಾಗಿ ಹೋಗಬೇಕು, 'ನೋ-ಗೋ' ದಾಟಬಾರದು. ದಾಟಿತೆಂದರೆ ಮೊನೆ ಸವೆದಿದೆ, ಕೊಳ್ಳಬೇಡಿ. ಗೇಜನ್ನು ಮಾತ್ರ ಒಳಗಿಟ್ಟು ಒತ್ತೀರಿ, ಜೋಕೆ.