ಡಾರ್ಫರ್: ಶಾಂತಿಪಡೆಯೇ, ಶಸ್ತ್ರ ನಿರ್ಬಂಧವೇ, ನ್ಯಾಯಾಲಯವೇ?

ಸುಡಾನಿನ ಡಾರ್ಫರ್‌ನಲ್ಲಿ ನರಮೇಧ ನಿಲ್ಲಿಸಲು ಯಾವ ದಾರಿ ಸರಿ ಎಂದು ಕೇಳಿದ್ದೀರಿ. ಮೂರನ್ನೂ ಜಗತ್ತು ಪ್ರಯೋಗಿಸಿದೆ.

ಜನರ ಜೀವ ಇಂದೇ ಉಳಿಯಬೇಕೆಂದರೆ ಶಾಂತಿಪಡೆ. 2007ರಲ್ಲಿ ವಿಶ್ವಸಂಸ್ಥೆ ಮತ್ತು ಆಫ್ರಿಕನ್ ಒಕ್ಕೂಟ ಜಂಟಿಯಾಗಿ ರಚಿಸಿದ ಪಡೆ ಸಂತ್ರಸ್ತರ ಶಿಬಿರಗಳಿಗೆ ಒಂದಿಷ್ಟು ಆಸರೆಯಾಯಿತು. ಖರ್ಚು ಮಾತ್ರ ವಿಪರೀತ; ಮೇಲಾಗಿ ರಾಜಧಾನಿ ಖಾರ್ಟೂಮ್‌ನ ಸುಡಾನ್ ಸರ್ಕಾರವೇ ಅದರ ಓಡಾಟಕ್ಕೆ ಪದೇ ಪದೇ ಅಡ್ಡಗಾಲು ಹಾಕಿತು. 2020ರ ಕೊನೆಗೆ ಅವಧಿ ಮುಗಿಯಿತು. 2023ರಲ್ಲಿ ಮತ್ತೆ ಯುದ್ಧ.

ಶಸ್ತ್ರ ನಿರ್ಬಂಧ ಅಗ್ಗ. ಆದರೆ ವಿಶ್ವಸಂಸ್ಥೆಯ ನಿರ್ಬಂಧ ಡಾರ್ಫರ್‌ಗಷ್ಟೇ, ಇಡೀ ಸುಡಾನಿಗಲ್ಲ: ಹೆಬ್ಬಾಗಿಲು ತೆರೆದಿಟ್ಟು ಕೋಣೆಗೆ ಬೀಗ ಹಾಕಿದಂತೆ. ಶಸ್ತ್ರ ಪೂರೈಸುವ ದೇಶಗಳನ್ನು ಬಗ್ಗಿಸುವ ಶಕ್ತಿಯಿದ್ದರೆ ಇದನ್ನು ಆರಿಸಿ.

ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಬಲು ನಿಧಾನ. ಸುಡಾನಿನ ಆಗಿನ ಅಧ್ಯಕ್ಷ ಒಮರ್ ಅಲ್ ಬಶೀರ್ ವಿರುದ್ಧ 2009ರಲ್ಲೇ ವಾರಂಟ್ ಹೊರಟಿತು, ಬಂಧಿಸಿ ಒಪ್ಪಿಸುವವರಿರಲಿಲ್ಲ. ಹತ್ಯೆ ತಡೆಯಲು ಇದನ್ನು ನಂಬಬೇಡಿ; ಸಾಕ್ಷ್ಯ ಉಳಿಸಿ ಹಂತಕರನ್ನು ಮುಂದೆಂದಾದರೂ ಕಟಕಟೆಗೆ ತರುವುದಾದರೆ ಇದೇ ಬೇಕು.