ಮೆಟಲ್ ಸಂಗೀತಕ್ಕೆ ಮನಸೋತ ಮಗಳಿಗೆ ಕೊಡಿಸಿದ ಇಯರ್‌ಪ್ಲಗ್: ಎಟಿಮೋಟಿಕ್ ಇಆರ್20ಎಕ್ಸ್‌ಎಸ್

ಹೆವಿ ಮೆಟಲ್ ಸಂಗೀತಕ್ಕೆ ಮನಸೋತ ಹದಿಹರೆಯದ ಮಕ್ಕಳಿರುವ ಮನೆಯಲ್ಲಿ ಗಿಟಾರಿಗೂ ಆಂಪ್ಲಿಫೈಯರಿಗೂ ಮೊದಲು ಕೊಳ್ಳಬೇಕಾದ ವಸ್ತು ಸದ್ದು ತಗ್ಗಿಸಲು ಕಿವಿಯೊಳಗೆ ಹಾಕಿಕೊಳ್ಳುವ ಒಂದು ಜೊತೆ ಒಳ್ಳೆಯ ಇಯರ್‌ಪ್ಲಗ್ ಎಂಬುದು ನನ್ನ ಖಚಿತ ಅಭಿಪ್ರಾಯ. ಪಿಯುಸಿ ಓದುತ್ತಿರುವ ನನ್ನ ಮಗಳು ಬ್ಯಾಂಡುಗಳು ವೇದಿಕೆಯಲ್ಲಿ ನುಡಿಸುವ ಕಾರ್ಯಕ್ರಮಗಳಾದ ಗಿಗ್‌ಗಳಿಗೆ ಹೋಗುವಾಗಲೂ ಗೆಳೆಯರ ಬ್ಯಾಂಡಿನೊಂದಿಗೆ ಅಭ್ಯಾಸಕ್ಕೆ ಕೂರುವಾಗಲೂ ಬಳಸುತ್ತಿರುವುದು ಅಮೆರಿಕದ ಎಟಿಮೋಟಿಕ್ ಕಂಪನಿಯ ಇಆರ್20ಎಕ್ಸ್‌ಎಸ್ ಎಂಬ ಮಾದರಿಯನ್ನು. ಅವಳೊಂದಿಗೆ ಹೋಗುವಾಗ ನಾನೂ ಅದನ್ನೇ ಹಾಕಿಕೊಳ್ಳುತ್ತೇನೆ. ಹಾಗಾಗಿ ಈ ವಿಮರ್ಶೆಯಲ್ಲಿ ಗಿಟಾರ್ ನುಡಿಸುವವಳ ಕಿವಿಯ ಅನುಭವವೂ ಇದೆ, ಭಾವಗೀತೆ ಕೇಳಿ ಬೆಳೆದ ತಾಯಿಯೊಬ್ಬಳ ಕಿವಿಯ ಅನುಭವವೂ ಇದೆ.

ಮಕ್ಕಳು ಕಪ್ಪು ಟೀ ಶರ್ಟು ತೊಟ್ಟು, ಕೂದಲು ಬಿಟ್ಟು, ಗಂಟಲಾಳದಿಂದ ಗರ್ಜಿಸುವ ಹಾಡುಗಳನ್ನು ಕೇಳತೊಡಗಿದಾಗ ಹೆತ್ತವರ ಗಮನ ಸಹಜವಾಗಿ ವೇಷದ ಮೇಲೆ, ತಲೆಬುರುಡೆಯ ಚಿತ್ರಗಳ ಮೇಲೆ, ಸಾಹಿತ್ಯದಲ್ಲಿ ಬರುವ ಸಾವು ಮತ್ತು ಸೈತಾನನ ಮೇಲೆ ಹೋಗುತ್ತದೆ. ಇವುಗಳ ಬಗ್ಗೆ ಮಗಳೊಂದಿಗೆ ಕೂತು ಮಾತನಾಡಿದ ಮೇಲೆ ನನಗೆ ಆತಂಕ ಉಳಿಯಲಿಲ್ಲ. ಬೆಂಗಳೂರಿನ ಮಟ್ಟಿಗೆ ಇದು ನಿನ್ನೆ ಮೊನ್ನೆ ಬಂದ ಗೀಳೂ ಅಲ್ಲ. ಕ್ರಿಪ್ಟೋಸ್ ಎಂಬ ಬ್ಯಾಂಡ್ ಇಲ್ಲಿ ಹುಟ್ಟಿದ್ದು 1998ರಲ್ಲಿ. 2013ರಲ್ಲಿ ಅವರು ಜರ್ಮನಿಯ ವಾಕನ್ ಮೆಟಲ್ ಉತ್ಸವದ ವೇದಿಕೆ ಏರಿದರು. ಹೆಸರಾಂತ ವಿದೇಶಿ ಮೆಟಲ್ ಬ್ಯಾಂಡುಗಳಾದ ಐರನ್ ಮೇಡನ್ 2007ರ ಮಾರ್ಚಿನಲ್ಲಿ, ಮೆಟಾಲಿಕಾ 2011ರ ಅಕ್ಟೋಬರಿನಲ್ಲಿ ಅರಮನೆ ಮೈದಾನದಲ್ಲಿ ನುಡಿಸಿದಾಗ ಅಲ್ಲಿ ನೆರೆದಿದ್ದ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಇಂದು ಮನೆ ಮಠ ಮಾಡಿಕೊಂಡು ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದಾರೆ. ವೇಷ ಬದಲಾಗುತ್ತದೆ, ಕೂದಲನ್ನು ಕತ್ತರಿಸಬಹುದು. ಈ ಸಂಗೀತದಲ್ಲಿ ಮತ್ತೆ ಸರಿಪಡಿಸಲಾಗದ ಅಪಾಯ ಒಂದೇ, ಅದು ಅದರ ಸದ್ದಿನ ಪ್ರಮಾಣ.

ಸದ್ದನ್ನು ಅಳೆಯುವ ಡೆಸಿಬೆಲ್ ಲೆಕ್ಕ ನಾವು ದಿನನಿತ್ಯ ಮಾಡುವ ಕೂಡು ಕಳೆಯುವ ಲೆಕ್ಕದಂತಿಲ್ಲದ ಕಾರಣ ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಸದ್ದು 3 ಡೆಸಿಬೆಲ್ ಏರಿದರೆ ಕಿವಿಗೆ ಬೀಳುವ ಶಕ್ತಿ ಎರಡು ಪಟ್ಟಾಗುತ್ತದೆ. ನಿಯೋಶ್ ಎಂದು ಕರೆಯಲಾಗುವ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧರ್ಧ ಇಳಿಯುತ್ತಾ ಬಂದು 100 ಡೆಸಿಬೆಲ್ ತಲುಪುವಾಗ ಹದಿನೈದು ನಿಮಿಷವಷ್ಟೇ ಉಳಿಯುತ್ತದೆ. ಮೆಟಲ್ ಗಿಗ್ ಒಂದರಲ್ಲಿ ವೇದಿಕೆಯ ಹತ್ತಿರ ನಿಂತವರ ಕಿವಿಗೆ 100ಕ್ಕಿಂತ ಹೆಚ್ಚು ಬೀಳುವುದು ಸಾಮಾನ್ಯ, ಮತ್ತು ಹದಿನೇಳರ ಹುಡುಗಿ ನಿಲ್ಲುವುದು ಅಲ್ಲಿಯೇ. ಎರಡು ಮೂರು ಬ್ಯಾಂಡುಗಳು ಒಂದರ ಹಿಂದೆ ಒಂದು ನುಡಿಸುವ ಸಂಜೆ ಮೂರು ಗಂಟೆಗೆ ಕಡಿಮೆ ಇರುವುದಿಲ್ಲ.

ಒಳಕಿವಿಯ ಕಾಕ್ಲಿಯಾದಲ್ಲಿ ಹುಟ್ಟುವಾಗ ಸುಮಾರು ಹದಿನೈದು ಸಾವಿರ ಸದ್ದನ್ನು ಗ್ರಹಿಸುವ ರೋಮಕೋಶಗಳಿರುತ್ತವೆ. ನಶಿಸಿದ ಕೋಶ ಮನುಷ್ಯರಲ್ಲಿ ಮರುಹುಟ್ಟುವುದಿಲ್ಲ. ಗಿಗ್ ಮುಗಿಸಿ ಬಂದ ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುವ ಮೊರೆತ, ಮಾತು ದೂರದಿಂದ ಕೇಳಿದಂತಾಗುವುದು, ಮಾರನೆಯ ದಿನ ಎಲ್ಲ ಸರಿಹೋದದ್ದು: ಇದನ್ನು ಮಕ್ಕಳು ಒಳ್ಳೆಯ ಗಿಗ್‌ನ ಗುರುತೆಂದು ಹೇಳಿಕೊಳ್ಳುತ್ತಾರೆ. ಆದರೆ ಕುಜಾವಾ ಮತ್ತು ಲಿಬರ್ಮನ್ ಎಂಬ ವಿಜ್ಞಾನಿಗಳು 2009ರಲ್ಲಿ ಇಲಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಕೇಳ್ಮೆ ಮೊದಲಿನ ಮಟ್ಟಕ್ಕೆ ಮರಳಿದ ನಂತರವೂ ರೋಮಕೋಶಕ್ಕೂ ಶ್ರವಣ ನರಕ್ಕೂ ನಡುವಿನ ಕೊಂಡಿಗಳು ಶಾಶ್ವತವಾಗಿ ಕಳಚಿಹೋಗಿದ್ದವು. ಮಗಳಿಗೆ ಗಿಗ್ ಬೇಡವೆನ್ನದೆ ಇಯರ್‌ಪ್ಲಗ್ ಇಲ್ಲದೆ ಗಿಗ್ ಬೇಡವೆಂಬ ನಿಯಮವನ್ನು ಮನೆಯಲ್ಲಿ ಮಾಡಿದ್ದು ಈ ವಿಷಯವನ್ನು ಓದಿದ ಮೇಲೆಯೇ.

ಇನ್ನು ವಸ್ತುವಿನ ವಿಚಾರ. ಎಟಿಮೋಟಿಕ್ ರಿಸರ್ಚ್ ಸಂಸ್ಥೆಯನ್ನು 1983ರಲ್ಲಿ ಸ್ಥಾಪಿಸಿದ ಮೀಡ್ ಕಿಲಿಯನ್ ಶ್ರವಣ ವಿಜ್ಞಾನದ ದೊಡ್ಡ ಹೆಸರು. ಸಂಗೀತಗಾರರಿಗಾಗಿಯೇ ಅವರ ಸಂಸ್ಥೆ 1988ರಲ್ಲಿ ಹೊರತಂದ ಇಆರ್-15 ಎಂಬ ಪ್ಲಗ್, ಕಿವಿಯ ಅಚ್ಚು ತೆಗೆದು ಮಾಡಿಸುವಂಥದ್ದು. ಅದೇ ತತ್ವವನ್ನು ಎಲ್ಲರ ಕಿವಿಗೂ ಹೊಂದುವ ಅಗ್ಗದ ರೂಪಕ್ಕೆ ಇಳಿಸಿದ್ದು ಇಆರ್20 ಸರಣಿ. ಹತ್ತಿ ಅಥವಾ ಕಾರ್ಖಾನೆಗಳಲ್ಲಿ ಬಳಸುವ ಫೋಮ್ ಪ್ಲಗ್ ತೀವ್ರಸ್ವರಗಳನ್ನು ಮಂದ್ರಕ್ಕಿಂತ ಬಹಳ ಹೆಚ್ಚು ತಡೆಯುವುದರಿಂದ ಸಿಂಬಲ್‌ನ ಝಣತ್ಕಾರವೂ ಹಾಡುಗಾರನ ಉಚ್ಚಾರಣೆಯೂ ಅಳಿಸಿಹೋಗಿ ಡ್ರಮ್ಮಿನ ಗುದ್ದು ಮಾತ್ರ ಉಳಿಯುತ್ತದೆ. ಅಲ್ಲದೆ ತೆರೆದ ಕಿವಿಯ ನಾಳ ಸುಮಾರು 2,700 ಹರ್ಟ್ಸ್ ಆಸುಪಾಸಿನ ಸದ್ದನ್ನು ತಾನೇ ಹಿಗ್ಗಿಸಿಕೊಳ್ಳುತ್ತದೆ. ನಾಳವನ್ನು ಮುಚ್ಚಿದರೆ ಆ ಲಾಭವೂ ಹೋಗುತ್ತದೆ. ಎಟಿಮೋಟಿಕ್ ಪ್ಲಗ್‌ನ ನಳಿಕೆಯೊಳಗಿನ ಸದ್ದನ್ನು ಹಿಗ್ಗಿಸುವ ಪುಟ್ಟ ಅನುರಣಕ ಈ ನಷ್ಟವನ್ನು ತುಂಬಿಕೊಟ್ಟು ಮಂದ್ರ, ಮಧ್ಯ, ತಾರ ಮೂರನ್ನೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಗ್ಗಿಸುತ್ತದೆ.

ಈ ಮಾತು ನಿಜವೇ ಎಂಬುದನ್ನು ನನ್ನ ಕಿವಿಗಿಂತ ಮಗಳ ಕಿವಿ ಚೆನ್ನಾಗಿ ಹೇಳಬಲ್ಲದು. ಮೊದಮೊದಲು ಅವಳು ಇದನ್ನು ದೊಡ್ಡವರ ಭಯವೆಂದೇ ಭಾವಿಸಿ, ಹಾಕಿಕೊಂಡವರನ್ನು ಗೆಳೆಯರು ಅಂಜುಬುರುಕರೆಂದುಕೊಳ್ಳುತ್ತಾರೆ ಎಂದು ವಾದಿಸಿದ್ದಳು. ಎರಡು ಗಿಟಾರುಗಳು, ಬೇಸ್ ಗಿಟಾರ್, ಡಬಲ್ ಬೇಸ್ ಡ್ರಮ್ ಎಲ್ಲವೂ ಒಟ್ಟಿಗೆ ಅಬ್ಬರಿಸುವ ಹಾಡೊಂದರ ನಡುವೆ ಅವಳು ನನ್ನ ಕಡೆ ತಿರುಗಿ, "ಅಮ್ಮಾ, ಇದು ಹಾಕ್ಕೊಂಡ್ರೆ ಬೇಸ್ ಗಿಟಾರ್ ಬೇರೆಯಾಗಿ ಕೇಳ್ಸುತ್ತೆ" ಎಂದಳು. ಅತಿಯಾದ ಸದ್ದಿನಲ್ಲಿ ಕಿವಿಯೇ ಸ್ವರಗಳನ್ನು ಕಲಸಿಬಿಡುವುದರಿಂದ ಪ್ರಮಾಣ ತಗ್ಗಿದಾಗ ವಾದ್ಯಗಳು ಬಿಡಿಬಿಡಿಯಾಗಿ ಕೇಳುತ್ತವೆ. ನನಗೋ, ಅದುವರೆಗೆ ಬರಿಯ ಗದ್ದಲವೆನ್ನಿಸಿದ್ದ ಸಂಗೀತದೊಳಗೆ ಎಣಿಸಬಹುದಾದ ಲಯವೂ, ಮತ್ತೆ ಮತ್ತೆ ಮರಳುವ ರಾಗದ ಎಳೆಯೂ ಇದೆಯೆಂಬುದು ಅಂದೇ ತಿಳಿದದ್ದು. ಈ ಲಾಭವನ್ನು ನಿರೀಕ್ಷಿಸಿ ನಾನು ಪ್ಲಗ್ ಕೊಂಡವಳಲ್ಲ. ಆದರೂ ತಾಯಿ ಮಗಳು ಒಂದೇ ಹಾಡಿನ ಬಗ್ಗೆ ಮಾತನಾಡುವಂತಾದದ್ದಕ್ಕೆ ಇದು ಒಂದು ಕಾರಣ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಸರಿಯಾಗಿ ಕೂತರೆ ಸುಮಾರು 20 ಡೆಸಿಬೆಲ್ ತಗ್ಗುತ್ತದೆಂದು ತಯಾರಕರು ಹೇಳುತ್ತಾರೆ. ಅಮೆರಿಕದ ನಿಯಮದ ಪ್ರಕಾರ ಲೆಕ್ಕ ಹಾಕಿದ ಅಧಿಕೃತ ಅಂಕಿ 13 ಮಾತ್ರ. ಹೆತ್ತವರು 13ನ್ನೇ ನಂಬುವುದು ಲೇಸು. 103 ಡೆಸಿಬೆಲ್ ಇರುವ ಜಾಗದಲ್ಲಿ ಬರಿಗಿವಿಗೆ ಸಿಗುವ ಸುರಕ್ಷಿತ ಅವಧಿ ಏಳೂವರೆ ನಿಮಿಷ. 13 ಕಳೆದು 90ಕ್ಕೆ ಇಳಿದರೆ ಅದು ಎರಡೂವರೆ ಗಂಟೆಯ ಆಸುಪಾಸಿಗೆ ಬರುತ್ತದೆ. ಪ್ಲಗ್ ಸಡಿಲವಾಗಿ ಕೂತರೆ ಈ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ಆದ್ದರಿಂದ ಪ್ಲಗ್ ಹಾಕಿಕೊಂಡರೂ ಸ್ಪೀಕರ್ ಗೋಡೆಯ ಎದುರಿಗೇ ನಿಲ್ಲಬಾರದು, ಎರಡು ಬ್ಯಾಂಡುಗಳ ನಡುವಿನ ಬಿಡುವಿನಲ್ಲಿ ಹೊರಗೆ ಬರಬೇಕು ಎಂದು ನಾವಿಬ್ಬರೂ ಒಪ್ಪಿಕೊಂಡಿದ್ದೇವೆ.

ಪ್ಲಗ್ ನೋಡಲು ಮೂರು ಪುಟ್ಟ ಕೊಡೆಗಳನ್ನು ಒಂದರ ಹಿಂದೆ ಒಂದು ಪೋಣಿಸಿದಂತಿದೆ. ಹಾಕುವ ಕ್ರಮ ಕಲಿಯಲು ತಾಳ್ಮೆ ಬೇಕು: ಎದುರು ಬದಿಯ ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು, ತುದಿಯನ್ನು ತುಸು ಒದ್ದೆ ಮಾಡಿ ಒಳಗೆ ಸೇರಿಸಬೇಕು; ತೆಗೆಯುವಾಗ ತಟ್ಟನೆ ಸೆಳೆಯದೆ ನಿಧಾನವಾಗಿ ತಿರುಗಿಸುತ್ತಾ ತೆಗೆಯಬೇಕು. ಗಿಗ್ ನಡೆಯುವ ಜಾಗದಲ್ಲಿ ಕತ್ತಲಲ್ಲಿ ಇದನ್ನು ಮೊದಲ ಸಲ ಮಾಡಹೊರಟರೆ ಮಗು ಬೇಸತ್ತು ಜೇಬಿಗೆ ಹಾಕಿಕೊಳ್ಳುತ್ತದೆ. ಮನೆಯಲ್ಲೇ ಕೆಲವು ಸಂಜೆ ಅಭ್ಯಾಸ ಮಾಡಿಸಿ. ಕಾಂಡ ಚಿಕ್ಕದಾದ್ದರಿಂದ ಕಿವಿಯಿಂದ ಹೊರಗೆ ಚಾಚುವುದಿಲ್ಲ. ಬಿಟ್ಟ ಕೂದಲಿನಡಿಯಲ್ಲಿ ಯಾರಿಗೂ ಕಾಣುವುದಿಲ್ಲವೆಂಬುದು ಆ ವಯಸ್ಸಿನವರಿಗೆ ಸಣ್ಣ ಅನುಕೂಲವಲ್ಲ. ಗುಂಪು ಒಬ್ಬರನ್ನೊಬ್ಬರು ನೂಕಿಕೊಂಡು ಸುತ್ತುವ ಮಾಷ್ ಪಿಟ್‌ಗೆ ಇಳಿಯುವವರು ಜೊತೆಗೆ ಬರುವ ದಾರವನ್ನು ಬಿಚ್ಚಿಡುವುದು ಒಳ್ಳೆಯದು, ಯಾರದಾದರೂ ಕೈಗೆ ಸಿಕ್ಕಿ ಪ್ಲಗ್ ಕಿತ್ತುಬರುವ ಅಪಾಯವಿದೆ.

ಇದರ ಮಿತಿಗಳೂ ಸ್ಪಷ್ಟವಾಗಿವೆ. ಕಿವಿ ಮುಚ್ಚಿದಾಗ ನಮ್ಮದೇ ದನಿ ತಲೆಯೊಳಗೆ ಗುಮ್ಮಟದಲ್ಲಿ ಮೊಳಗಿದಂತೆ ಮೊಳಗುತ್ತದೆ, ಹೆಚ್ಚಿನ ಪ್ಲಗ್ ಆದರೂ ಅಷ್ಟೇ. ಗಿಟಾರ್ ನುಡಿಸುವವರಿಗೆ ಇದು ತೊಡಕಲ್ಲ, ಗ್ರೌಲ್ ಎಂಬ ಗರ್ಜನೆಯ ಹಾಡುಗಾರಿಕೆಯ ಅಭ್ಯಾಸ ಮಾಡುವವರಿಗೆ ಮಾತ್ರ ಸ್ವಂತ ದನಿಯ ಅಂದಾಜು ತಪ್ಪಿ ಗಂಟಲಿಗೆ ಶ್ರಮ ಕೊಡುವ ಸಂಭವವಿದೆ. ಹಾಡುಗಾರರು ಅಚ್ಚು ತೆಗೆದು ಮಾಡಿಸುವ, ನಾಳದ ಆಳಕ್ಕೆ ಕೂತು ಈ ಮೊಳಗನ್ನು ತಗ್ಗಿಸುವ ಪ್ಲಗ್‌ಗಳ ಕಡೆ ನೋಡುವುದು ಸೂಕ್ತ. ತುದಿಗಳಿಗೆ ಗುಗ್ಗೆ ಹತ್ತುತ್ತದೆ, ತೊಳೆದು ಒಣಗಿಸಬೇಕು, ಪೆಡಸಾದಾಗ ಬದಲಿಸಬೇಕು. ಫೋಮ್ ಪ್ಲಗ್ ಔಷಧಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವಾಗ ಇದು ಆಮದು ಸರಕಾಗಿ ದುಬಾರಿಯೆನ್ನಿಸುವುದು ನಿಜ. ಆದರೆ ಫೋಮ್ ಹಾಕಿಕೊಂಡ ಹುಡುಗಿ ಸಂಗೀತ ಕೆಟ್ಟಿತೆಂದು ಎರಡನೇ ಹಾಡಿಗೇ ತೆಗೆದುಬಿಡುತ್ತಾಳೆ. ಇದನ್ನು ಹಾಕಿಕೊಂಡವಳು ಕೊನೆಯವರೆಗೆ ಇಟ್ಟುಕೊಳ್ಳುತ್ತಾಳೆ. ರಕ್ಷಣೆಯ ಅಂಕಿ ಫೋಮ್‌ಗೇ ಹೆಚ್ಚಿದ್ದರೂ ನನ್ನ ಹಣ ಇದರ ಮೇಲೆಯೇ.

ಹೆಡ್‌ಫೋನಿನ ವಿಷಯದಲ್ಲಿ ಇದರಿಂದ ಯಾವ ಉಪಯೋಗವೂ ಇಲ್ಲ, ಅಲ್ಲಿ ಬೇರೆಯದೇ ಶಿಸ್ತು ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ ಮಕ್ಕಳಿಗೆ ವಾರಕ್ಕೆ 40 ಗಂಟೆ, 75 ಡೆಸಿಬೆಲ್ ಎಂಬ ಮಿತಿಯನ್ನು ಸೂಚಿಸುತ್ತದೆ. ಬಹುತೇಕ ಹೊಸ ಫೋನುಗಳಲ್ಲಿ ಗರಿಷ್ಠ ಸದ್ದನ್ನು ನಿಗದಿಪಡಿಸುವ ಸೌಲಭ್ಯವಿದೆ, ಮಗುವಿನೊಂದಿಗೆ ಕೂತು ಅದನ್ನು ಹೊಂದಿಸಿ.

ಕಾನೂನು ನಮ್ಮ ಮಕ್ಕಳ ಕಿವಿಯನ್ನು ಕಾಯುತ್ತದೆಂದು ಯಾರೂ ನೆಚ್ಚಿ ಕೂರಬಾರದು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರ ನಂತರ ತೆರೆದ ಜಾಗಗಳಲ್ಲಿ ಧ್ವನಿವರ್ಧಕವನ್ನು ಸಾಮಾನ್ಯವಾಗಿ ನಿಷೇಧಿಸುತ್ತವೆ, ಮೈದಾನದ ಗಡಿಯಲ್ಲಿ ಸದ್ದು ಎಷ್ಟಿರಬೇಕೆಂದು ಹೇಳುತ್ತವೆ. ಇವು ನೆರೆಹೊರೆಯವರ ನಿದ್ದೆಗಾಗಿ ಇರುವ ನಿಯಮಗಳು; ಒಳಗೆ ನಿಂತ ಶ್ರೋತೃವಿನ ಕಿವಿ ಅವುಗಳ ಲೆಕ್ಕದಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಮಾನದಂಡವು ಸರಾಸರಿ ಸದ್ದು 100 ಡೆಸಿಬೆಲ್ ಮೀರಬಾರದು, ಪ್ರೇಕ್ಷಕರಿಗೆ ಇಯರ್‌ಪ್ಲಗ್ ಸಿಗುವಂತಿರಬೇಕು, ಕಿವಿಗೆ ವಿರಾಮ ಕೊಡುವ ನಿಶ್ಶಬ್ದ ಜಾಗವಿರಬೇಕು ಎನ್ನುತ್ತದೆ. ನಾನು ಹೋದ ಯಾವ ಕಾರ್ಯಕ್ರಮದಲ್ಲೂ ಬಾಗಿಲಲ್ಲಿ ಇಯರ್‌ಪ್ಲಗ್ ಇಟ್ಟಿರುವುದನ್ನು ಕಂಡಿಲ್ಲ. ಹಾಗೆಂದು ಈ ದೋಷವನ್ನು ಮೆಟಲ್ ಸಂಗೀತದ ತಲೆಗೆ ಮಾತ್ರ ಕಟ್ಟುವುದು ಅನ್ಯಾಯ. ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ ಡಿಜೆ ವಾಹನದ ಮುಂದೆ ಎಳೆಯ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುವ ತಂದೆಯರನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ನಮ್ಮ ಮನೆಯ ಪ್ಲಗ್‌ಗಳು ಆ ದಿನವೂ ಡಬ್ಬಿಯಿಂದ ಹೊರಬರುತ್ತವೆ.

ಒಪ್ಪದ ಮಗುವನ್ನು ಒಪ್ಪಿಸುವುದಕ್ಕೆ ವೈದ್ಯರ ಮಾತಿಗಿಂತ ಅದು ಆರಾಧಿಸುವ ಕಲಾವಿದರ ಮಾತು ಹೆಚ್ಚು ನೆರವಾದೀತು. ಮೆಟಾಲಿಕಾದ ಡ್ರಮ್ಮರ್ ಲಾರ್ಸ್ ಉಲ್ರಿಕ್ ತಮಗಿರುವ ಕಿವಿಮೊರೆತದ ಬಗ್ಗೆ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಎಸಿಡಿಸಿ ಎಂಬ ರಾಕ್ ತಂಡದ ಹಾಡುಗಾರ ಬ್ರಯಾನ್ ಜಾನ್ಸನ್ 2016ರಲ್ಲಿ, ಮುಂದುವರಿದರೆ ಪೂರ್ತಿ ಕಿವುಡಾಗುವ ಅಪಾಯವಿದೆಯೆಂಬ ವೈದ್ಯರ ಎಚ್ಚರಿಕೆಯ ಮೇರೆಗೆ ಪ್ರವಾಸವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಮಗಳು ಈ ಎರಡು ಸಂಗತಿಗಳನ್ನು ತಾನೇ ಹುಡುಕಿ ಓದಿದ ಮೇಲೆ ಮನೆಯ ನಿಯಮ ಅವಳ ನಿಯಮವಾಯಿತು, ಈಗ ಮರೆತರೆ ನೆನಪಿಸುವವಳು ಅವಳೇ.

ಕೊಳ್ಳುವವರಿಗೆ ಕೆಲವು ಮಾತು. ಸಾಮಾನ್ಯ ಮತ್ತು ದೊಡ್ಡ ಎರಡೂ ಅಳತೆಯ ತುದಿಗಳಿರುವ ಪೆಟ್ಟಿಗೆಯನ್ನೇ ಆರಿಸಿ, ಏಕೆಂದರೆ ಒಬ್ಬರ ಎಡ ಬಲ ಕಿವಿಗಳಿಗೇ ಬೇರೆ ಬೇರೆ ಅಳತೆ ಬೇಕಾಗುವುದುಂಟು. ಮೊರೆತ ಒಂದು ದಿನ ದಾಟಿಯೂ ಉಳಿದರೆ ಕಾಯದೆ ಕೇಳ್ಮೆಯ ಪರೀಕ್ಷೆ ಮಾಡಿಸಿ. ಮೈಸೂರಿನ ಸುತ್ತಮುತ್ತ ಇರುವವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರದಲ್ಲೇ ಇದೆ. ಸಾಧ್ಯವಾದರೆ ಎರಡು ಜೊತೆ ಕೊಳ್ಳಿ. ಗಿಗ್ ತಿಂಗಳಿಗೊಮ್ಮೆ ಬಂದರೆ ಹೆಚ್ಚು, ಆದರೆ ನಾಲ್ಕು ಗೋಡೆಗಳ ನಡುವೆ ಡ್ರಮ್ಮಿಗೆ ಮೊಣಕೈ ತಾಗುವಷ್ಟು ಹತ್ತಿರ ನಿಂತು ನುಡಿಸುವ ಅಭ್ಯಾಸ ವಾರವಾರವೂ ಇರುತ್ತದೆ, ಮತ್ತು ಮಕ್ಕಳು ಪ್ಲಗ್ ಮರೆಯುವುದು ಅಲ್ಲಿಯೇ. ಒಂದು ಜೊತೆ ಗಿಟಾರ್ ಚೀಲದ ಹೊರಜೇಬಿನಲ್ಲಿ ಕಾಯಂ ಇರಲಿ. ಬ್ಯಾಂಡಿನ ಉಳಿದ ಮಕ್ಕಳಿಗಾಗಿ ಅದೇ ಜೇಬಿನಲ್ಲಿ ನಾಲ್ಕಾರು ಫೋಮ್ ಪ್ಲಗ್‌ಗಳನ್ನೂ ಹಾಕಿಡಿ. ಡ್ರಮ್ ಬಾರಿಸುವ ಹುಡುಗನಿಗೆ ಎಲ್ಲರಿಗಿಂತ ಮೊದಲು ಕೊಡಿ.