ಬಾತ್‌ರೂಮಿನ ಕಣ್ಣಿಗೆ ಕಾಣದ ಸೋರಿಕೆ: ಟೈಲ್ಸ್ ಒಡೆಯುವ ಮೊದಲು ಯಾವ ಪರೀಕ್ಷೆ?

ಬಾತ್‌ರೂಮಿನ ಹೊರಗೋಡೆಯ ಬಣ್ಣ ಉಬ್ಬಿ ಬಿಳಿ ಉಪ್ಪು ಎದ್ದಿದ್ದರೆ, ಅದು ಮಳೆನೀರಲ್ಲದಿದ್ದರೆ, ಮೊದಲು ಗೊತ್ತಾಗಬೇಕಾದ್ದು ಒಂದೇ: ಸೋರುತ್ತಿರುವುದು ಟ್ಯಾಂಕಿನಿಂದ ಬರುವ ಪೈಪೋ, ನೀರು ಹೊರಹೋಗುವ ನೆಲ ಮತ್ತು ಟ್ರ್ಯಾಪೋ (ನೆಲದ ನೀರು ಇಳಿದುಹೋಗುವ ಬಾಯಿ)? ಇದು ಗೊತ್ತಾಗದೆ ಟೈಲ್ಸ್‌ಗೆ ಉಳಿ ಇಡಬಾರದು.

ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ತಿರುಗುತ್ತದಾ ನೋಡಿ ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಸಂಪ್ ಇರುವ ಮನೆಗಳಲ್ಲಿ ಇದು ಕೆಲಸಕ್ಕೆ ಬರುವುದಿಲ್ಲ. ಬೆಂಗಳೂರಿನಂಥ ಊರಲ್ಲಿ ಮೀಟರ್ ಇರುವುದು ಸಂಪಿಗೂ ಮೊದಲು. ಅದು ಸಂಪಿಗೆ ಬಿದ್ದ ನೀರನ್ನು ಮಾತ್ರ ಲೆಕ್ಕ ಹಾಕುತ್ತದೆ. ತಾರಸಿ ಟ್ಯಾಂಕಿನಿಂದ ಇಳಿದು ಗೋಡೆಯೊಳಗೆ ಸೋರುವ ನೀರು ಅದಕ್ಕೆ ಗೊತ್ತೇ ಆಗುವುದಿಲ್ಲ. ನಮ್ಮ ಮನೆಗಳಿಗೆ ಮೀಟರ್ ಅಂದರೆ ಟ್ಯಾಂಕೇ.

ಟ್ಯಾಂಕ್ ನೋಡುವ ಮೊದಲು ಫ್ಲಶ್ ಪರೀಕ್ಷೆ ಮುಗಿಸಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಫ್ಲಶ್ ಟ್ಯಾಂಕಿಗೆ 10–12 ಹನಿ ಅಡುಗೆ ಬಣ್ಣ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕಮೋಡಿನ ಹಿಂಬದಿಯ ಬಿಳಿ ಮೇಲೆ ಕೂದಲೆಳೆಯಷ್ಟು ತೆಳುವಾಗಿ ಬಣ್ಣ ಇಳಿಯುತ್ತಿದ್ದರೂ ಸೋರಿಕೆ ಇದೆ ಎಂದೇ ಅರ್ಥ. ಆಮೇಲೆ ಆ್ಯಂಗಲ್ ಕಾಕ್ (ಫ್ಲಶ್ ಟ್ಯಾಂಕಿಗೆ ನೀರು ಬಿಡುವ ಗೋಡೆಯ ಚಿಕ್ಕ ವಾಲ್ವ್) ಮುಚ್ಚಿ ಫ್ಲಶ್ ಟ್ಯಾಂಕಿನ ಮಟ್ಟ ಗಮನಿಸಿ. ನೀರು ಓವರ್‌ಫ್ಲೋ ಕೊಳವೆಯ ಬಾಯಿಗೆ ಬಂದು ನಿಂತರೆ ಫ್ಲೋಟ್ (ನೀರಿನ ಮೇಲೆ ತೇಲುವ ಬುರುಡೆ) ಎತ್ತರವಾಗಿದೆ, ಮಟ್ಟವನ್ನು 2 ಸೆಂ.ಮೀ. ಕೆಳಗಿಳಿಸಿ. ಅದಕ್ಕಿಂತ ಕೆಳಗೂ ಇಳಿಯುತ್ತಲೇ ಹೋದರೆ ತಳದ ವಾಷರ್ ಕೆಟ್ಟಿದೆ. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿಯೂ ಹೀಗಾಗುತ್ತದೆ. ವಾಷರ್ ಕೂರುವ ಜಾಗವನ್ನು ಉಜ್ಜಿ ತೊಳೆಯದೆ ಹೊಸದು ಹಾಕಿದರೆ ಅದೂ ಸೋರುತ್ತದೆ.

ಇನ್ನು ಟ್ಯಾಂಕ್ ಪರೀಕ್ಷೆ. ರಾತ್ರಿ 10ಕ್ಕೆ ಮೋಟಾರ್ ಆಫ್ ಮಾಡಿ, ಎಲ್ಲ ನಲ್ಲಿ, ಫ್ಲಶ್‌ನ ಆ್ಯಂಗಲ್ ಕಾಕ್ ಮುಚ್ಚಿ. ಟ್ಯಾಂಕಿನ ಬಾಯಿಗೆ ಅಡ್ಡಪಟ್ಟಿ ಇಟ್ಟು, ಅಲ್ಲಿಂದ ನೀರಿನ ತನಕ ಸ್ಟೀಲ್ ಸ್ಕೇಲಿನಲ್ಲಿ ಅಳೆದು ಬರೆದಿಡಿ. ಬೆಳಿಗ್ಗೆ 6ಕ್ಕೆ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಒಂದು ಮೀಟರ್ ಅಗಲದ ದುಂಡು ಟ್ಯಾಂಕಿನಲ್ಲಿ 1 ಸೆಂ.ಮೀ. ಅಂದರೆ ಹೆಚ್ಚುಕಡಿಮೆ 8 ಲೀಟರ್. 2 ಸೆಂ.ಮೀ. ಇಳಿದಿದ್ದರೆ ಗಂಟೆಗೆ 2 ಲೀಟರ್ ಹೋಗುತ್ತಿದೆ. ಮರುರಾತ್ರಿ ಆ ಬಾತ್‌ರೂಮಿನ ವಾಲ್ವನ್ನೂ ಮುಚ್ಚಿ ನೋಡಿ. ಮಟ್ಟ ಕದಲದಿದ್ದರೆ ಕಳ್ಳ ಆ ಲೈನಿನಲ್ಲೇ ಇದ್ದಾನೆ. ಇಲ್ಲಿ ಮೋಸ ಮಾಡುವುದು ಹಳೆಯ ಗೇಟ್ ವಾಲ್ವ್. ಅದನ್ನು ಮುಚ್ಚಿ ಕೆಳಗಿನ ನಲ್ಲಿ ಬಿಡಿ: ಪೈಪಿನ ನೀರು ಖಾಲಿಯಾದ ಮೇಲೂ ಹನಿ ನಿಲ್ಲದಿದ್ದರೆ ವಾಲ್ವ್ ಹಿಡಿಯುತ್ತಿಲ್ಲ, ಫಲಿತಾಂಶ ನಂಬಬೇಡಿ.

ಪ್ಲಂಬರ್ ತರುವ ಪ್ರೆಷರ್ ಪಂಪು ಇದಕ್ಕಿಂತ ಚುರುಕು, ಗಂಟೆಯೊಳಗೆ ಉತ್ತರ ಕೊಡುತ್ತದೆ. ತಾರಸಿ ಟ್ಯಾಂಕಿನ ಒತ್ತಡ 10 ಮೀಟರ್ ಎತ್ತರಕ್ಕೆ ಚದರ ಸೆಂ.ಮೀ.ಗೆ ಬರೀ 1 ಕೆ.ಜಿ.; ಅದರಲ್ಲಿ ಜಿನುಗದ ಜಾಯಿಂಟು 4–5 ಕೆ.ಜಿ.ಯಲ್ಲಿ ಬಾಯಿ ಬಿಡುತ್ತದೆ. ಆದರೆ ತುಕ್ಕು ಹಿಡಿದ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಅಷ್ಟು ಕೊಡುವುದು ಅಪಾಯ, ಹೊಸ ತೂತೇ ಬಿದ್ದೀತು. ಗೀಸರಿನ ಸಂಪರ್ಕ ಬಿಚ್ಚಿ, ವಾಲ್ ಮಿಕ್ಸರ್ (ಬಿಸಿನೀರು, ತಣ್ಣೀರು ಬೆರೆಸುವ ಗೋಡೆಯ ನಲ್ಲಿ) ತೆಗೆದು ಬಾಯಿಗಳಿಗೆ ಪ್ಲಗ್ ಹಾಕಿಸಿ. ಮಿಕ್ಸರ್ ಹಾಗೇ ಬಿಟ್ಟರೆ ತಣ್ಣೀರು ಬಿಸಿನೀರಿನ ಲೈನಿಗೆ ದಾಟಿ, ಪಂಪಿನ ಒತ್ತಡ ತೋರಿಸುವ ಮುಳ್ಳು ಸೋರಿಕೆ ಇದ್ದಂತೆಯೇ ಇಳಿಯುತ್ತದೆ, ಚೆನ್ನಾಗಿರುವ ಗೋಡೆ ಒಡೆಯಬೇಕಾಗುತ್ತದೆ. ಪೈಪಿನಲ್ಲಿ ಗಾಳಿ ಉಳಿದರೂ ಮುಳ್ಳು ನಿಲ್ಲುವುದಿಲ್ಲ.

ಈ ಯಾವುದರಲ್ಲೂ ತಪ್ಪು ಸಿಗಲಿಲ್ಲವೆ? ಹಾಗಾದರೆ ನೆಲವನ್ನು ಪರೀಕ್ಷಿಸಬೇಕು. ನೆಲದ ಟ್ರ್ಯಾಪಿನ (ನಹಾನಿ ಟ್ರ್ಯಾಪ್) ಬಾಯಿಯನ್ನು ಪ್ಲಾಸ್ಟಿಕ್ ಸುತ್ತಿದ ಬಟ್ಟೆಯಿಂದ ಬಿಗಿದು, ಹೊಸ್ತಿಲು ದಾಟದಂತೆ 2–3 ಸೆಂ.ಮೀ. ನೀರು ನಿಲ್ಲಿಸಿ, 24 ಗಂಟೆ ಬಿಡಿ. ಪಕ್ಕದಲ್ಲಿ ಒಂದು ಅಗಲವಾದ ಟಬ್ಬಿನಲ್ಲೂ ನೀರಿಡಿ: ಆರಿಹೋಗುವ ಲೆಕ್ಕ ಅದರಿಂದ ಸಿಗುತ್ತದೆ. ನೆಲದ ನೀರು ಟಬ್ಬಿಗಿಂತ ಜಾಸ್ತಿ ಇಳಿದರೆ, ಬಟ್ಟೆ ಸರಿಯಾಗಿ ಹಿಡಿದಿದ್ದರೆ, ಗ್ರೌಟ್ (ಟೈಲ್ಸ್ ಸಂದಿಗೆ ತುಂಬಿದ ಗಾರೆ) ಅಥವಾ ಟ್ರ್ಯಾಪಿನ ಸುತ್ತಲಿನ ಸಂದು ಕುಡಿಯುತ್ತಿದೆ. ಕೆಳಮನೆಯವರಿಗೆ ಮೊದಲೇ ಹೇಳಿ, ಅವರ ಸೂರನ್ನೂ ನೋಡುತ್ತಿರಿ. ಕೆಳಗೆ ತೇವ ಕಾಣಲು ತಡವಾಗಬಹುದು: ಸಂಕನ್ ಸ್ಲ್ಯಾಬಿನಲ್ಲಿ (ಪೈಪಿಗಾಗಿ ತಗ್ಗಿಸಿ ಹಾಕಿದ ನೆಲದ ಸ್ಲ್ಯಾಬು) ತುಂಬಿದ ಇಟ್ಟಿಗೆಚೂರು ನೀರು ಹಿಡಿದಿಟ್ಟು ವಾರಗಟ್ಟಲೆ ಒಸರುತ್ತದೆ. ಅದೇ ಕಾರಣಕ್ಕೆ ರಿಪೇರಿಯ ಮಾರನೇ ದಿನವೂ ತೇವ ಇದೆಯೆಂದು ಕೆಲಸದವರನ್ನು ದೂರುವುದು ಸರಿಯಲ್ಲ.

ಗೋಡೆಗೆ ಮುಳ್ಳು ಚುಚ್ಚಿ ತೇವ ಅಳೆಯುವ ಮೀಟರಿಗೆ ದುಡ್ಡು ಹಾಕಬೇಡಿ. ಉಪ್ಪು ಎದ್ದ ಗೋಡೆ ಒಣಗಿದ್ದರೂ ಅದು ಒದ್ದೆ ಎನ್ನುತ್ತದೆ. ಥರ್ಮಲ್ ಕ್ಯಾಮೆರಾ ನೀರನ್ನಲ್ಲ, ಬಿಸಿ-ತಂಪಿನ ವ್ಯತ್ಯಾಸವನ್ನು ತೋರಿಸುತ್ತದೆ. ಅದರ ನಿಜವಾದ ಉಪಯೋಗ ಬಿಸಿನೀರಿನ ಲೈನಿನಲ್ಲಿ. ಗೀಸರ್ ಕಾಯಿಸಿ 10–15 ನಿಮಿಷ ಬಿಸಿನೀರು ಬಿಟ್ಟು, ನಲ್ಲಿ ಮುಚ್ಚಿ ನೋಡಿ. ಪೈಪು ನೇರ ಗೆರೆಯಾಗಿ ಕಾಣುತ್ತದೆ, ಸೋರುವ ಕಡೆ ಆ ಗೆರೆ ಅಗಲವಾಗಿ ಹರಡಿರುತ್ತದೆ. ಅಲ್ಲಿರುವ ಒಂದೇ ಟೈಲಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿಕೊಳ್ಳಿ.